ಅತ್ತೆಯ ಬೋಗುಣಿ

ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುವುದು ಏನು ಮಹಾ ಕೆಲಸ ಎಂದು ಮೂಗು ಮುರಿಯುವವರು ಒಂದು ದಿನ ಆ ಮನೆಗೆ ಬಂದು, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕುಳಿತು ನೋಡಬೇಕು. ಒಂದು ಮೊಟ್ಟೆ ಸುಲಿಯುವುದು ಕೆಲಸವಲ್ಲ, ನಿಜ. ನಾಲ್ಕು ಸುಲಿದರೂ ಅಲ್ಲ. ಆದರೆ ಟ್ರೇಗಟ್ಟಲೆ ಮೊಟ್ಟೆ ಎದುರಿಗಿದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಅವೆಲ್ಲ ನುಣ್ಣಗೆ, ಬೆಳ್ಳಗೆ, ಒಂದು ಚೂರು ಸಿಪ್ಪೆಯಿಲ್ಲದೆ ಆಸ್ಪತ್ರೆಯ ಅಡುಗೆಮನೆ ಸೇರಬೇಕು ಎಂದಾಗ ಸೊಂಟ, ಕುತ್ತಿಗೆ, ಹೆಬ್ಬೆರಳು ಮೂರೂ ಸೇರಿಕೊಂಡು ದೂರು ಹೇಳಲು ಶುರುಮಾಡುತ್ತವೆ. ಆ ಮನೆಯ ಸೊಸೆ ಈ ದೂರು ಕೇಳಿಸಿಕೊಳ್ಳುತ್ತಾ ಬಂದು ಬಹಳ ವರ್ಷಗಳಾಗಿದ್ದವು.

ಸೊಸೆ ಎಂದರೆ ಹೊಸದಾಗಿ ಬಂದವಳೇನಲ್ಲ. ತಲೆಯಲ್ಲಿ ಬಿಳಿಕೂದಲು ಇಣುಕಿದೆ, ಮಗಳು ದೂರದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದುತ್ತಿದ್ದಾಳೆ. ಆದರೂ ಬೀದಿಯವರಿಗೆಲ್ಲ ಅವಳು ಇವತ್ತಿಗೂ ಮೊಟ್ಟೆಯಮ್ಮನ ಸೊಸೆ. ಮೊಟ್ಟೆಯಮ್ಮ ಎಂದರೆ ಅವಳ ಅತ್ತೆ. ಕಸುಬು ಅಮ್ಮನದು, ಹೆಸರೂ ಅಮ್ಮನದು, ಸೊಂಟನೋವು ಮಾತ್ರ ನಿನ್ನದು ಎಂದು ಗಂಡ ತಮಾಷೆ ಮಾಡುತ್ತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಹಗಲೆಲ್ಲ ಮೇಲೆ ಕೆಳಗೆ ಓಡಾಡಿ ಬಂದು ಮನೆಯಲ್ಲಿ ಕಾಲು ಚಾಚಿದರೆ ಸಾಕು, ಎಲ್ಲೋ ಯಾರೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಅವನ ಫೋನು ಬಡಿದುಕೊಳ್ಳುತ್ತಿತ್ತು. ಅಂಥವನ ತಮಾಷೆಗೆ ಅವಳು ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು.

ಕಸುಬು ಅತ್ತೆಯದು ಎಂಬುದು ಮಾತ್ರ ಅಕ್ಷರಶಃ ಸತ್ಯ. ಮಾವ ತೀರಿಕೊಂಡಾಗ ಅತ್ತೆಗೆ ಇನ್ನೂ ಸಣ್ಣ ವಯಸ್ಸು, ಕೈಯಲ್ಲಿ ಪುಟ್ಟ ಮಗ. ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ದಿನಾ ಒಂದೊಂದು ಬೇಯಿಸಿದ ಮೊಟ್ಟೆ ಕೊಡಬೇಕೆಂದಾಯಿತು. ಅಲ್ಲಿದ್ದವರಿಗೆ ಅಷ್ಟೊಂದು ಮೊಟ್ಟೆ ಸುಲಿಯುತ್ತಾ ಕೂರಲು ಪುರುಸೊತ್ತಿರಲಿಲ್ಲ. ಮನೆಯಲ್ಲೇ ಬೇಯಿಸಿ ಸುಲಿದು ಕೊಡುವವರು ಯಾರಾದರೂ ಇದ್ದರೆ ಹೇಳಿ ಎಂದು ಅಲ್ಲಿನ ಅಡುಗೆಯವರು ಬೀದಿಯಲ್ಲಿ ವಿಚಾರಿಸಿದಾಗ, ನಾನಿದ್ದೀನಲ್ಲ ಎಂದು ಅತ್ತೆ ಎದ್ದು ನಿಂತರು. ಅವತ್ತು ಕೂತ ಸ್ಟೂಲಿನ ಮೇಲಿಂದ ಏಳದೆಯೇ ಮಗನನ್ನು ಓದಿಸಿದರು, ಮದುವೆ ಮಾಡಿದರು, ಸೊಸೆಯನ್ನು ತಂದರು. ತಂದ ಮರುದಿನವೇ ಅವಳ ಮುಂದೊಂದು ಬೋಗುಣಿ ಇಟ್ಟರು.

ಕಲಿಸುವುದರಲ್ಲಿ ಅತ್ತೆ ಜಬರದಸ್ತು. ಅಂಗಡಿಗೆ ಬಂದು ಒಂದು ವಾರವಾದರೂ ಆಗಿರುವ ಮೊಟ್ಟೆಯೇ ಬೇಕು. ಹೊಸ ಮೊಟ್ಟೆಯ ಪೊರೆ ಬಿಳಿಗೆ ಅಂಟಿಕೊಂಡು ಪ್ರಾಣ ತೆಗೆಯುತ್ತದೆ. ಬೆಂದ ಕೂಡಲೇ ಬಿಸಿನೀರು ಚೆಲ್ಲಿ, ಪಾತ್ರೆಯನ್ನು ಮುಚ್ಚಿ ನಾಲ್ಕು ಸಲ ಕುಲುಕಬೇಕು. ಸಿಪ್ಪೆಯೆಲ್ಲ ಒಡೆದು ಜಾಲರಿಯಾಗಬೇಕು. ಆಮೇಲೆ ತಣ್ಣೀರು. ದಪ್ಪ ತುದಿಯಲ್ಲಿ ಗಾಳಿ ತುಂಬಿಕೊಂಡ ಜಾಗವಿರುತ್ತದೆ, ಅಲ್ಲಿಂದಲೇ ಶುರು.

"ಸಿಪ್ಪೆ ಸುಲೀಬೇಡ ಹುಡುಗಿ, ಪೊರೆ ಸುಲಿ. ಪೊರೆ ಕೈಗೆ ಸಿಕ್ರೆ ಸಿಪ್ಪೆ ಅದರ ಹಿಂದೇನೇ ಬರುತ್ತೆ" ಎನ್ನುತ್ತಿದ್ದರು.

ಹಾಗೆಂದು ಹೆಬ್ಬೆರಳನ್ನು ಒಂದು ಸುತ್ತು ಆಡಿಸಿದರೆ ಮಗುವಿನ ಮೈಯಿಂದ ಅಂಗಿ ಬಿಚ್ಚಿದ ಹಾಗೆ ಸಿಪ್ಪೆ ಎರಡೇ ತುಂಡಾಗಿ ಕಳಚಿ ಬರುತ್ತಿತ್ತು. ಕೊನೆಯ ಪಾಠ ಎಲ್ಲಕ್ಕಿಂತ ದೊಡ್ಡದು. ಸುಲಿದಾದ ಮೇಲೆ ಮೊಟ್ಟೆಯನ್ನು ಬೆರಳತುದಿಯಲ್ಲಿ ಸವರಿ ನೋಡಬೇಕು. ಬಿಳಿಯ ಮೇಲೆ ಕೂತ ಸಿಪ್ಪೆಯ ಚೂರು ಕಣ್ಣಿಗೆ ಸಿಗುವುದಿಲ್ಲ, ಬೆರಳಿಗೆ ಸಿಗುತ್ತದೆ. ತಿನ್ನುವವರು ಕಾಯಿಲೆಯವರು, ಅವರ ಬಾಯಿಗೆ ಹೋಗುವ ಮೊದಲು ನಮ್ಮ ಬೆರಳಿಗೆ ಗೊತ್ತಾಗಬೇಕು ಎಂಬುದು ಅತ್ತೆಯ ಕಟ್ಟುನಿಟ್ಟು. ಹುಡುಗಿ ಎಂಬ ಕರೆಯೂ ಆ ಕಾಲದ್ದೇ. ಹುಡುಗಿಯ ಮಂಡಿ ಏಳುವಾಗ ಕೂರುವಾಗ ಲಟಲಟ ಅನ್ನತೊಡಗಿದ ಮೇಲೂ ಅದು ಬದಲಾಗಲಿಲ್ಲ.

ಈಗ ಕೈಕೊಟ್ಟಿದ್ದು ಅದೇ ಬೆರಳು. ಸಕ್ಕರೆ ಕಾಯಿಲೆ ಅತ್ತೆಯ ಪಾದಕ್ಕೆ ಮೊದಲು ಬಂತು. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ಬರಿಗಾಲಲ್ಲಿ ಬೀದಿಯ ತುದಿಯವರೆಗೆ ನಡೆದು ಬಂದಾಗ ಡಾಕ್ಟರ ಬಳಿ ಕರೆದುಕೊಂಡು ಹೋದರು, ಮಾತ್ರೆ ತಂದರು. ಕಾಯಿಲೆ ಅಲ್ಲಿಗೇ ನಿಲ್ಲದೆ ಸದ್ದಿಲ್ಲದೆ ಬೆರಳತುದಿಗೂ ಹತ್ತಿತು. ಬೆರಳಿಗೆ ಸ್ಪರ್ಶ ಹೋದರೆ, ಹೋಯಿತು ಎಂದು ಹೇಳಬೇಕಾದದ್ದೂ ಆ ಬೆರಳೇ ತಾನೆ. ಅತ್ತೆ ಮೊದಲಿನಂತೆಯೇ ಪ್ರತಿ ಮೊಟ್ಟೆಯನ್ನೂ ಸವರಿ ನೋಡುತ್ತಿದ್ದರು, ಮೊದಲಿನಂತೆಯೇ ತೃಪ್ತಿಯಿಂದ ಬೋಗುಣಿಗೆ ಬಿಡುತ್ತಿದ್ದರು. ಒಂದು ದಿನ ಆ ಬೋಗುಣಿಯಲ್ಲಿ ಕೈಯಾಡಿಸಿದ ಸೊಸೆಗೆ ಚೂರೊಂದು ಚುಚ್ಚಿತು. ಹುಡುಕಿದರೆ ಇನ್ನೊಂದು, ಮತ್ತೊಂದು ಸಿಕ್ಕಿದವು. ಅವಳು ತುಟಿ ಪಿಟಕ್ಕೆನ್ನದೆ ತೆಗೆದು ಹಾಕಿದಳು.

ಹೇಳಿಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಹೇಳುವುದು ಸುಲಭ ಎಂದುಕೊಂಡವರು ಅತ್ತೆಗೆ ಕಣ್ಣಿನ ಆಪರೇಷನ್ ಆದಾಗ ಆ ಮನೆಯಲ್ಲಿ ಇರಲಿಲ್ಲ. ಕೆಲವು ವಾರ ನೀರು, ಹಬೆ ಏನೂ ತಾಗಕೂಡದು ಎಂದು ಡಾಕ್ಟರು ಅವರನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಮೊದಲ ವಾರ ಅತ್ತೆ ಕುರ್ಚಿಯಿಂದಲೇ ಅಧಿಕಾರ ನಡೆಸಿದರು. ಎರಡನೇ ವಾರ ಮಾತು ಕಡಿಮೆಯಾಯಿತು. ಆಮೇಲೆ ಊಟವೂ ಕಡಿಮೆಯಾಯಿತು. ಕೂತು ತಿನ್ನೋಳಿಗೆ ಇಷ್ಟೆಲ್ಲ ಯಾಕೆ ಎಂದು ತಟ್ಟೆಯಲ್ಲಿದ್ದುದನ್ನು ವಾಪಸು ಪಾತ್ರೆಗೆ ಹಾಕುವರು. ತಲೆ ಬಾಚುವುದನ್ನು ಬಿಟ್ಟರು. ಪಕ್ಕದ ಮನೆಯ ಟೈಲರಮ್ಮ ಬಂದು ಮಾತಾಡಿಸಿದರೆ ಹ್ಞೂಂ, ಉಹ್ಞೂಂ ಅಷ್ಟೇ. ಒಂದು ಮಧ್ಯಾಹ್ನ ಯಾರೂ ಹೇಳದೆಯೇ ಮನೆಯಲ್ಲಿದ್ದ ಬೆಳ್ಳುಳ್ಳಿಯನ್ನೆಲ್ಲ ಸುಲಿದು ಗುಡ್ಡೆ ಹಾಕಿದ್ದರು. ಅದನ್ನು ನೋಡಿ ಸೊಸೆಗೆ ನಗು ಬರಬೇಕಿತ್ತು, ಬರಲಿಲ್ಲ. ಮತ್ತೆ ಬೋಗುಣಿಯ ಮುಂದೆ ಕೂತ ದಿನವೇ ಅತ್ತೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಇವರನ್ನು ಇನ್ನೊಮ್ಮೆ ಆ ಕುರ್ಚಿಗೆ ಕಳಿಸುವುದು ನನ್ನಿಂದಾಗದು ಎಂದು ಸೊಸೆ ಅವತ್ತೇ ನಿರ್ಧರಿಸಿಬಿಟ್ಟಿದ್ದಳು.

ಆದ್ದರಿಂದ ಅವಳೊಂದು ನೆಪ ಹುಡುಕಿದಳು. ಕೊನೆಗೊಮ್ಮೆ ಉಪ್ಪುನೀರಿನಲ್ಲಿ ತೊಳೆಯಬೇಕಂತೆ, ಆಸ್ಪತ್ರೆಯ ಹೊಸ ನಿಯಮವಂತೆ ಎಂದಳು. ಅತ್ತೆ ತಲೆಯಾಡಿಸಿದರು. ಅಂದಿನಿಂದ ಸೊಸೆಯದರ ಜೊತೆ ಅತ್ತೆಯ ಬೋಗುಣಿಯೂ ಒಳಗಿನ ಸಿಂಕಿಗೆ ಹೋಗತೊಡಗಿತು. ಅಲ್ಲಿ ಅತ್ತೆಗೆ ಬೆನ್ನು ಹಾಕಿ ನಿಂತು, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು, ಅವಳು ಒಂದೊಂದು ಮೊಟ್ಟೆಯನ್ನೂ ಮತ್ತೆ ಸವರಿ ಚೂರು ಕೀಳುತ್ತಿದ್ದಳು. ಮೊದಮೊದಲು ಅಲ್ಲೊಂದು ಇಲ್ಲೊಂದು ಸಿಗುತ್ತಿತ್ತು. ಬರಬರುತ್ತಾ ಚೂರಿಲ್ಲದ ಮೊಟ್ಟೆ ಸಿಕ್ಕರೆ ಆಶ್ಚರ್ಯಪಡುವಂತಾಯಿತು. ಅಂದರೆ ತನ್ನ ಪಾಲಿನದನ್ನು ಸುಲಿದು ಮುಗಿಸಿ, ಅತ್ತೆಯ ಪಾಲಿನದನ್ನು ಕದ್ದು ಇನ್ನೊಮ್ಮೆ ಸುಲಿದಂತಾಯಿತು. ಇದರ ನಡುವೆ ಅಡುಗೆ, ಬಟ್ಟೆ, ಅತ್ತೆಯ ಮಾತ್ರೆ, ಸಿಪ್ಪೆಯ ಚೀಲ ಹೊರಗೆ ಹಾಕಿ ಬರುವುದು. ಬೆರಳತುದಿಯ ಚರ್ಮ ನೀರಿನಲ್ಲಿ ನೆನೆದು ನೆನೆದು ಬಿರುಕುಬಿಟ್ಟಿತ್ತು. ಉಪ್ಪುನೀರಿಗೆ ಕೈ ಅದ್ದಿದರೆ ಉರಿ ನೆತ್ತಿಗೇರುತ್ತಿತ್ತು. ಇಲ್ಲದ ನಿಯಮ ಮಾಡಿದ್ದು ತಾನೇ ಆದ್ದರಿಂದ ಉಪ್ಪು ಹಾಕದೆ ಬೇರೆ ದಾರಿಯಿರಲಿಲ್ಲ, ಅತ್ತೆ ಉಪ್ಪಿನ ಡಬ್ಬಿಯ ಸದ್ದು ಕೇಳುತ್ತಾ ಕೂತಿರುತ್ತಿದ್ದರು.

ಗಂಡನಿಗೆ ಹೇಳದೆ ಇರಲಿಲ್ಲ. ಅವನು ಎಲ್ಲ ಕೇಳಿ, ನೀನು ಹೇಳೋಕಾಗಲ್ಲ ಅಂದ್ರೆ ನಾನು ಹೇಳ್ತೀನಿ ಬಿಡು, ನನ್ನ ತಾಯಿ ತಾನೆ ಎಂದು ಎದೆ ಸೆಟೆಸಿಕೊಂಡು ಒಂದು ರಜೆಯ ಬೆಳಿಗ್ಗೆ ಅಮ್ಮನ ಪಕ್ಕ ಹೋಗಿ ಕುಳಿತ. ಸೊಸೆ ಒಳಗೆ ಕಿವಿ ನಿಗುರಿಸಿಕೊಂಡು ನಿಂತಳು. ಸ್ವಲ್ಪ ಹೊತ್ತಿಗೆ ಅವನು ಬಾಯಿ ಒರೆಸಿಕೊಳ್ಳುತ್ತಾ ಬಂದ.

"ಏನಂದ್ರು?"

"ಎರಡು ಮೊಟ್ಟೆ ತಿನ್ನಿಸಿದ್ರು."

"ಹೇಳೋಕೆ ಅಂತ ಹೋಗಿದ್ರಲ್ಲ?"

"ಬಾಯಿ ತೆಗೆದೆ ಕಣೇ. ತೆಗೆದ ಬಾಯಿಗೆ ಮೊಟ್ಟೆ ಇಟ್ಬಿಟ್ರು. ಸಣ್ಣೋನಿದ್ದಾಗಿಂದ ಹಾಗೇ ಅಲ್ವಾ" ಎಂದ ಅವನು, ನಾಲಿಗೆಯಿಂದ ಒಂದು ಚೂರು ಸಿಪ್ಪೆ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ.

ಬೇರೆ ಕೆಲಸ ವಹಿಸಿ ನೋಡಿದ್ದೂ ಆಯಿತು. ಅತ್ತೆ, ನೀವು ಪಾತ್ರೆ ಕುಲುಕಿ ಕೊಡಿ, ಸುಲಿಯೋದು ನಾನು ನೋಡ್ಕೋತೀನಿ ಎಂದರೆ, ಪಾತ್ರೆ ಕುಲುಕೋಕೆ ಮೊಟ್ಟೆಯಮ್ಮ ಯಾಕೆ, ಒಂದು ಕತ್ತೆ ಬೆನ್ನಿಗೆ ಕಟ್ಟಿ ಓಡಿಸಿದ್ರೆ ಸಾಕು ಎಂದು ಬೋಗುಣಿಯನ್ನು ತೊಡೆಯ ಹತ್ತಿರ ಎಳೆದುಕೊಂಡಿದ್ದರು. ಅಲ್ಲಿಗೆ ಆ ಮಾತು ಮುಗಿಯಿತು. ಸೊಸೆಗೆ ಆಗಾಗ ಅನ್ನಿಸುತ್ತಿದ್ದುದು ಒಂದೇ. ತನಗೆ ಯಾರೂ ಬಹುಮಾನ ಕೊಡಬೇಕಾಗಿಲ್ಲ, ಹೊಗಳಬೇಕಾಗಿಯೂ ಇಲ್ಲ. ಆದರೆ ಒಬ್ಬರಾದರೂ, ಒಂದೇ ಸಲವಾದರೂ, ನಿನಗೆ ಸುಸ್ತಾಗಿದೆ ಹೋಗಿ ಮಲಗು ಎಂದು ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಗಂಡ ಹೇಳಲಾರದವನೇನಲ್ಲ, ಆದರೆ ಅವನೇ ಕೂತಲ್ಲಿ ತೂಕಡಿಸುತ್ತಿದ್ದ. ಅವನಿಂದ ಅದನ್ನು ಬಯಸುವುದು ಹಸಿದವನ ತಟ್ಟೆಗೆ ಕೈಹಾಕಿದಂತೆ ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳು ಮೈ ಕಾವೇರಿದ ಹಾಗೇ ಎದ್ದಳು. ಜ್ವರ ಎನ್ನುವಷ್ಟು ಜ್ವರವಲ್ಲ, ಏನೂ ಇಲ್ಲ ಎಂದು ಸುಮ್ಮನಿರುವಷ್ಟು ಸಣ್ಣದೂ ಅಲ್ಲ. ಹಿಂದಿನ ದಿನ ಮೊಟ್ಟೆಯಂಗಡಿಯವನು ಎಲ್ಲಿಗೋ ಹೋಗಿದ್ದ, ಅಂಗಡಿಯಲ್ಲಿ ಅವನ ತಮ್ಮ ಕೂತಿದ್ದ. ಮೊಟ್ಟೆಯಮ್ಮನ ಮನೆಗೆ ಎಂದು ಗೊತ್ತಾದ ಕೂಡಲೇ ಅವನಿಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

"ಹಳೇದೆಲ್ಲ ಯಾಕಮ್ಮ ನಿಮಗೆ? ಈಗಷ್ಟೇ ಫಾರಮ್ಮಿಂದ ಇಳಿದಿದೆ, ಹೊಚ್ಚ ಹೊಸಾದು. ತಗೊಂಡು ಹೋಗಿ" ಎಂದು ಟ್ರೇಗಳನ್ನು ಕಟ್ಟಿಕೊಟ್ಟ.

ಬೇರೆ ದಿನವಾಗಿದ್ದರೆ ಸೊಸೆ ಬೇಡವೇ ಬೇಡ ಎನ್ನುತ್ತಿದ್ದಳು. ಅವತ್ತು ಅವನ ಮಾತು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಹೊತ್ತುಕೊಂಡು ಬಂದಳು. ಬೆಳಿಗ್ಗೆ ಮೊದಲ ಮೊಟ್ಟೆಗೆ ಹೆಬ್ಬೆರಳು ಹಾಕಿದಾಗ ಸಿಪ್ಪೆಯ ಜೊತೆ ಬಿಳಿಯ ಒಂದು ಪದರವೂ ಕಿತ್ತುಬಂದು ಒಳಗಿನ ಹಳದಿ ಕಂಡಿತು. ಆಗ ತಲೆಗೆ ಹೋಯಿತು.

ಆಮೇಲಿನದು ಬರೀ ಒದ್ದಾಟ. ಐಸಿನ ನೀರಿಗೆ ಹಾಕಿದಳು, ಮತ್ತೆ ಬಿಸಿನೀರಿಗೆ ಹಾಕಿದಳು, ಚಮಚ ತೂರಿಸಿ ನೋಡಿದಳು. ಜಪ್ಪಯ್ಯ ಎಂದರೂ ಪೊರೆ ಬಿಡಲಿಲ್ಲ. ಸಿಪ್ಪೆ ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ಕಿತ್ತುಬರುತ್ತಿತ್ತು. ಎದುರಿಗೆ ಅತ್ತೆಯ ಕೈ ಮಾತ್ರ ಎಂದಿನಂತೆ ಸರಾಗವಾಗಿ ಓಡುತ್ತಿತ್ತು. ದೊಡ್ಡ ಚೂರುಗಳನ್ನು ಕಿತ್ತು, ಉಳಿದದ್ದು ತಿಳಿಯದೆ, ಸವರಿ ಸವರಿ ಬಿಡುತ್ತಿದ್ದರು.

"ಇವತ್ತು ನೀನ್ಯಾಕೆ ಹಿಂದೆ ಬಿದ್ದಿದೀಯ? ನಂದಾಗ್ಲೇ ತುಂಬ್ತಾ ಬಂತು" ಎಂದರು ಅತ್ತೆ, ಬಹಳ ದಿನದ ಮೇಲೆ ಗೆದ್ದ ಖುಷಿಯಲ್ಲಿ.

ಆಸ್ಪತ್ರೆಯ ವ್ಯಾನು ಬೀದಿಯ ತಿರುವಿನಲ್ಲಿ ಹಾರನ್ ಹೊಡೆಯುವ ಹೊತ್ತಿಗೆ ಸೊಸೆ ತನ್ನ ಪಾಲನ್ನು ಹೇಗೋ ಮುಗಿಸಿ ಅತ್ತೆಯ ಬೋಗುಣಿಯನ್ನು ಸಿಂಕಿಗೆ ತಂದಿದ್ದಳಷ್ಟೇ. ಮೊದಲ ಮೊಟ್ಟೆಯಿಂದ ಚೂರು ಕಿತ್ತಳು. ಎರಡನೆಯದರ ಮೈತುಂಬ ಚೂರಿತ್ತು. ವ್ಯಾನು ಬಾಗಿಲಲ್ಲಿ ಬಂದು ನಿಂತು ಮತ್ತೆ ಹಾರನ್ ಹೊಡೆಯಿತು. ಚಾಲಕ ಕೆಟ್ಟವನಲ್ಲ, ಆದರೆ ಅವನಿಗೆ ಇನ್ನೂ ಬೇಕರಿಗೆ ಹೋಗಿ ಬ್ರೆಡ್ಡು ಎತ್ತಿಕೊಳ್ಳಬೇಕಿತ್ತು. ಸೊಸೆ ತುಂಬಿದ ಬೋಗುಣಿಯನ್ನು ನೋಡಿದಳು. ಕಣ್ಣಿಗೆ ಅವೆಲ್ಲ ಚೆನ್ನಾಗಿಯೇ ಕಂಡವು. ತಲೆ ಸಿಡಿಯುತ್ತಿತ್ತು. ಒಂದು ದಿನ, ಒಂದೇ ಒಂದು ದಿನ ಎಂದು ತನಗೆ ತಾನೇ ಹೇಳಿಕೊಂಡು ಬೋಗುಣಿಯನ್ನು ಹಾಗೇ ಆಸ್ಪತ್ರೆಯ ಡಬ್ಬಿಗೆ ಸುರಿದುಬಿಟ್ಟಳು.

ಮರುದಿನ ವ್ಯಾನು ಬಂದು ಆ ದಿನದ ಮೊಟ್ಟೆ ಒಯ್ದ ಮೇಲೆ, ಅಂಗಳ ಗುಡಿಸಿ ಅತ್ತೆ ಸೊಸೆ ಟೀ ಕುಡಿಯಲು ಕೂತಿದ್ದಾಗ, ಆಸ್ಪತ್ರೆಯ ಅಡುಗೆಮನೆಯ ಮೇಸ್ತ್ರಿ ತಾವೇ ನಡೆದು ಬಂದರು. ದಪ್ಪ ಆಳು, ಮೆತ್ತನೆಯ ಮಾತು. ಬೈಯಬೇಕಾದಾಗ ಅವರ ದನಿ ಇನ್ನೂ ಮೆತ್ತಗಾಗುತ್ತಿತ್ತು. ಅವರು ಬಂದದ್ದನ್ನು ಕಂಡು ಸೊಸೆ ಟೀ ಲೋಟವನ್ನು ಕೆಳಗಿಟ್ಟಳು.

"ಚೆನ್ನಾಗಿದೀರಾ ಅಮ್ಮಾ?" ಎಂದು ಕೇಳಿ, ಟೀ ಬೇಡ ಎಂದು, ಮೇಸ್ತ್ರಿ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಬಿಚ್ಚಿದರು. ಒಳಗೆ ಸಿಪ್ಪೆಯ ಚೂರುಗಳಿದ್ದವು.

"ನಿನ್ನೆ ಊಟದಲ್ಲಿ ಬಂದಿದ್ದು. ಅಲ್ಲೊಬ್ಬ ತಾತ ಇದಾರೆ, ಬಾಯಲ್ಲಿ ಹಲ್ಲಿಲ್ಲ. ಗಂಟಲಿಗೆ ಚುಚ್ಕೊಂಡು ಕೆಮ್ಮಿ ಕೆಮ್ಮಿ ರಕ್ತ ಬಂತಂತೆ. ಡಾಕ್ಟ್ರು ನೋಡಿ ತೆಗೆದ್ರು. ಈಗ ಪರವಾಗಿಲ್ಲ, ಬೆಳಿಗ್ಗೆ ಗಂಜಿ ಕುಡಿದ್ರು." ಅವರ ದನಿ ಇನ್ನೂ ಇಳಿಯಿತು. "ಆಫೀಸಿನೋರು ನನ್ನನ್ನ ಕರೆಸಿ ಕೂರಿಸ್ಕೊಂಡ್ರು ಅಮ್ಮಾ. ಇನ್ನೊಂದ್ಸಲ ಹೀಗಾದ್ರೆ ಫ್ಯಾಕ್ಟರಿಯಿಂದ ಸುಲಿದಿರೋ ಪ್ಯಾಕೆಟ್ಟೇ ತರಿಸ್ತೀವಿ ಅಂದ್ರು. ಇಷ್ಟು ವರ್ಷ ಒಂದು ಮಾತು ಬಂದಿರ್ಲಿಲ್ಲ. ಏನಾಯ್ತು?"

ಅತ್ತೆ ಕೈಚಾಚಿ ಒಂದು ಚೂರನ್ನು ಎತ್ತಿಕೊಳ್ಳಲು ಹೋದರು. ಅದು ಬೆರಳಿಗೆ ಸಿಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು, ಎರಡು ಬೆರಳ ನಡುವೆ ಹಿಡಿದೆ ಎಂದುಕೊಂಡು ಕಣ್ಣಿನ ಹತ್ತಿರ ತಂದು ನೋಡಿದರು. ಬೆರಳ ನಡುವೆ ಏನೂ ಇರಲಿಲ್ಲ, ಚೂರು ಕಾಗದದ ಮೇಲೇ ಉಳಿದಿತ್ತು. ಅತ್ತೆ ತಮ್ಮ ಕೈಯನ್ನೇ ದಿಟ್ಟಿಸಿದರು. ಅವರ ಮುಖದ ರಕ್ತವೆಲ್ಲ ಇಳಿದುಹೋಗುತ್ತಿರುವುದನ್ನು ಸೊಸೆ ಎದುರಿಗೆ ಕೂತು ನೋಡಿದಳು.

"ನಿನ್ನೆ... ನಾನು ಬೇಗ ಬೇಗ ಸುಲಿದೆ" ಎಂದು ಅತ್ತೆ ತಡೆದು ತಡೆದು ಹೇಳತೊಡಗಿದರು. "ನನ್ನ ಬೋಗುಣಿಯಲ್ಲೇನಾದ್ರೂ..."

ಸೊಸೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಮಾತು ತಾನಾಗಿಯೇ ಹೊರಗೆ ಬಂದು, ಅವಳ ಹೊರೆ ಇಳಿದು, ನಾಳೆಯಿಂದ ಸಿಂಕಿನ ಮುಂದೆ ನಿಲ್ಲುವುದೇ ಇರುತ್ತಿರಲಿಲ್ಲ. ಅವಳಿಗೆ ಅದು ಗೊತ್ತಿತ್ತು. ಆದರೆ ಆ ಮುಖವನ್ನು ನೋಡಿಕೊಂಡು ಸುಮ್ಮನಿರುವುದು ಅವಳ ಕೈಲಾಗಲಿಲ್ಲ.

"ನಿಮ್ಮದಲ್ಲ ಅತ್ತೆ" ಎಂದಳು. "ನಂದು. ಮೈ ಸರಿ ಇರ್ಲಿಲ್ಲ. ಅಂಗಡೀಲಿ ಹೊಸ ಮೊಟ್ಟೆ ಕೊಟ್ರು, ನೋಡ್ದೆ ತಂದ್ಬಿಟ್ಟೆ. ವ್ಯಾನು ಬಂತು ಅಂತ ನನ್ನ ಪಾಲಿಂದು ಸವರಿ ನೋಡ್ದೇನೇ ತುಂಬ್ಬಿಟ್ಟೆ."

ಅತ್ತೆಯ ಮುಖಕ್ಕೆ ಬಣ್ಣ ಮರಳಿತು. ಬಣ್ಣದ ಹಿಂದೆಯೇ ಸಿಟ್ಟೂ ಬಂತು.

"ಸವರಿ ನೋಡ್ದೇನೇ? ಏನು ಹೇಳ್ತಾ ಇದೀಯ ಹುಡುಗಿ ನೀನು? ನಾನು ನಿನಗೆ ಕಲಿಸಿದ್ದು ಇದನ್ನೇನಾ? ಹಲ್ಲಿಲ್ಲದ ಮನುಷ್ಯ, ಕಾಯಿಲೆ ಮಲಗಿರೋ ಮನುಷ್ಯ, ಆತನ ಗಂಟಲಲ್ಲಿ ರಕ್ತ ಬರಿಸಿದೆಯಲ್ಲ. ಮೈ ಸರಿ ಇಲ್ಲ ಅಂದ್ರೆ ನನಗೆ ಹೇಳೋಕೇನಾಗಿತ್ತು ರೋಗ? ನಾನೇನು ಸತ್ತುಹೋಗಿದ್ನಾ?"

ಸೊಸೆ ತಲೆ ತಗ್ಗಿಸಿ ಕೂತಳು. ಮದುವೆಯಾದ ಹೊಸದರಲ್ಲಿ ಕೂಡ ಪರರ ಎದುರಿಗೆ ಇಷ್ಟು ಬೈಸಿಕೊಂಡಿರಲಿಲ್ಲ. ಕಣ್ಣಂಚಿಗೆ ಬಂದ ನೀರನ್ನು ಅಲ್ಲೇ ತಡೆದಳು. ಅವಮಾನವಾಗಿತ್ತು ನಿಜ. ಅದಕ್ಕಿಂತ ಹೆಚ್ಚಾಗಿ ಆ ತಾತನ ಗಂಟಲು ನೆನಪಾಗಿ ಸಂಕಟವಾಗುತ್ತಿತ್ತು, ಯಾಕೆಂದರೆ ಚೂರು ಅತ್ತೆಯ ಕೈಯದಾದರೂ ಡಬ್ಬಿಗೆ ಸುರಿದದ್ದು ಅವಳೇ.

ಅತ್ತೆ ಮೇಸ್ತ್ರಿಯ ಕಡೆ ತಿರುಗಿದರು. "ನೋಡಪ್ಪ, ತಪ್ಪಾಯ್ತು. ಆ ತಾತನಿಗೆ ನಾನು ಕ್ಷಮೆ ಕೇಳ್ದೆ ಅಂತ ಹೇಳು. ನಾಳೆಯಿಂದ ಒಂದೊಂದು ಮೊಟ್ಟೇನೂ, ಇವಳು ಸುಲಿದಿದ್ದೂ ಸೇರಿ, ನನ್ನ ಕೈ ಮೇಲೇ ಹೋಗುತ್ತೆ. ನಾನು ಸವರಿ ನೋಡ್ದೆ ಒಂದೂ ಹೊರಗೆ ಹೋಗಲ್ಲ. ಇದು ನನ್ನ ಮಾತು."

ಮೇಸ್ತ್ರಿಯ ಭುಜಗಳು ಸಡಿಲವಾದವು. "ಅಮ್ಮನ ಕೈ ಮೇಲೆ ಹೋದ್ರೆ ಮುಗೀತು, ಇನ್ನು ನನಗೆ ಚಿಂತೆ ಇಲ್ಲ" ಎಂದು ಕೈಮುಗಿದು, ಬೇಡವೆಂದಿದ್ದ ಟೀಯನ್ನು ಕೇಳಿ ಹಾಕಿಸಿಕೊಂಡು ಕುಡಿದು ಹೋದರು.

ಸಂಜೆ ಗಂಡ ಬಂದು ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತು ಕುಳಿತ. "ಅಲ್ಲ ಕಣೇ, ಅಮ್ಮನೇ ಹೇಳೋಕೆ ಹೊರಟಿದ್ರಲ್ಲ. ಬಿಟ್ಟಿದ್ರೆ ಆಗ್ತಿತ್ತಲ್ಲ."

"ಅವರ ಮುಖ ನೀವು ನೋಡ್ಬೇಕಿತ್ತು."

"ಈಗೇನ್ಮಾಡ್ತೀಯ? ಮೊದಲು ಅಮ್ಮಂದು ಅರ್ಧ ನೋಡ್ತಿದ್ದೆ. ಈಗ ಪೂರ್ತೀನೂ ಚೂರು ಮೆತ್ತಿರೋ ಅವರ ಕೈಗೆ ಹೋದ್ರೆ?"

"ಪೂರ್ತೀನೂ ನೋಡ್ತೀನಿ" ಎಂದಳು ಅವಳು. ಹೇಳುವಾಗ ದನಿಯಲ್ಲಿ ಸತ್ವವೇ ಇರಲಿಲ್ಲ. ನಾಳೆ ನಾನೂ ಕೂತ್ಕೋತೀನಿ, ಮೂರು ಜನ ಆದ್ರೆ ಬೇಗ ಆಗುತ್ತೆ ಎಂದು ಅವನು ಧೈರ್ಯ ಹೇಳುತ್ತಿದ್ದಂತೆ ಫೋನು ಬಡಿದುಕೊಂಡಿತು. ಯಾವುದೋ ಕಟ್ಟಡದಲ್ಲಿ ಲಿಫ್ಟು ನಿಂತಿತ್ತು. ಅವನು ಚಪ್ಪಲಿ ಹುಡುಕಿಕೊಂಡು ಎದ್ದ.

ಮರುದಿನದಿಂದ ಹೊಸ ಪದ್ಧತಿ ಜಾರಿಗೆ ಬಂತು. ಅತ್ತೆ ಎಂದಿಗಿಂತ ಮೊದಲೇ ಎದ್ದು, ತಲೆ ಬಾಚಿ, ಒಗೆದ ಬಟ್ಟೆ ಉಟ್ಟು, ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಎಷ್ಟೋ ವರ್ಷ ಚಿಕ್ಕವರಾದಂತೆ ಕಂಡರು. ತಮ್ಮ ಪಾಲಿನದನ್ನು ಸುಲಿದು, ಸೊಸೆಯ ಬೋಗುಣಿಯನ್ನು ತಮ್ಮ ಕಡೆ ಎಳೆದುಕೊಂಡು ಒಂದೊಂದನ್ನೇ ಎತ್ತಿ ಪರೀಕ್ಷೆ ಶುರುಮಾಡಿದರು. ನುಣ್ಣಗಿದ್ದ ಮೊಟ್ಟೆಯ ಮೇಲೆ ಚೂರಿದೆಯೆಂದು ಉಗುರು ಹಾಕಿದರು, ಬಿಳಿ ಕಿತ್ತುಬಂತು. ನೋಡು, ಇಲ್ಲೊಂದು ಬಿಟ್ಟಿದ್ದೆ ಎಂದು ಆ ಬಿಳಿಯ ತುಣುಕನ್ನೇ ಎತ್ತಿ ತೋರಿಸಿದರು. ಹೌದು ಅತ್ತೆ ಎಂದಳು ಸೊಸೆ. ಹಾಗೆನ್ನುವಾಗ ಅವಳ ತಲೆ ತಾನಾಗಿಯೇ ಗೋಡೆಗೆ ಒರಗಿತು. ಜ್ವರ ಇನ್ನೂ ಬಿಟ್ಟಿರಲಿಲ್ಲ.

ಅತ್ತೆ ಕೈ ನಿಲ್ಲಿಸಿ ಅವಳನ್ನು ನೋಡಿದರು. ನಿನ್ನೆಯ ಸಿಟ್ಟಿನ ಸುಳಿವೂ ಆ ಮುಖದಲ್ಲಿ ಇರಲಿಲ್ಲ.

"ಏ ಹುಡುಗಿ, ಎದ್ದೇಳು."

"ಯಾಕತ್ತೆ?"

"ಮುಖ ನೋಡ್ಕೊಂಡಿದೀಯಾ ಕನ್ನಡೀಲಿ? ನಿನ್ನೆ ಆತನ ಮುಂದೆ ಬೈದೆ, ಆಮೇಲೆ ರಾತ್ರಿಯೆಲ್ಲ ನನಗೆ ನಿದ್ದೆ ಬರ್ಲಿಲ್ಲ. ನೀನು ತಪ್ಪು ಮಾಡೋಳಲ್ಲ. ಕೈ ಸೋತು ಹೋಗಿದೆ ನಿಂದು. ನಾನು ನೋಡ್ತಾನೇ ಇದೀನಿ, ಆ ಸಿಂಕಿನ ಮುಂದೆ ನಿಂತ್ರೆ ಬೇಗ ಬರೋದೇ ಇಲ್ಲ ನೀನು, ನಾಲ್ಕು ಮೊಟ್ಟೆ ತೊಳೆಯೋಕೆ ಅಷ್ಟು ಹೊತ್ತು ಹಿಡಿಯುತ್ತೆ. ಸುಸ್ತಾಗಿದೆ ನಿನಗೆ. ಹೋಗು, ಒಳಗೆ ಹೋಗಿ ಮಲಕ್ಕೋ. ಉಳಿದಿದ್ದು ನಾನು ನೋಡ್ಕೋತೀನಿ."

ಸೊಸೆ ಬೇಡ ಎಂದಳು. ಅತ್ತೆ ಅವಳ ಮೊಣಕೈ ಹಿಡಿದು ಎಬ್ಬಿಸಿ, ಒಳಗೆ ಕರೆದುಕೊಂಡು ಹೋಗಿ, ಮಂಚದ ಮೇಲಿದ್ದ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ ಮಲಗಿಸಿಯೇ ಬಿಟ್ಟರು. ಹೊದಿಕೆಯನ್ನು ಕಾಲಿನ ಕಡೆಯಿಂದ ಎಳೆದು ಕತ್ತಿನವರೆಗೂ ಹೊದಿಸಿದರು. ಹೊದಿಕೆಯ ಅಂಚು ಸೊಸೆಯ ಗಲ್ಲಕ್ಕೆ ಒತ್ತುತ್ತಿತ್ತು. ಅದು ಅತ್ತೆಯ ಬೆರಳಿಗೆ ತಿಳಿಯಲಿಲ್ಲ. ಹಣೆ ಮುಟ್ಟಿ ನೋಡಿ, ಕಾವೇನೂ ಇಲ್ಲ ಎಂದರು. ಹಣೆ ಸುಡುತ್ತಿತ್ತು.

"ಕಣ್ಮುಚ್ಚು. ವ್ಯಾನು ಬಂದ್ರೆ ನಾನೇ ಡಬ್ಬಿಗೆ ತುಂಬಿ ಕೊಡ್ತೀನಿ. ನೀನು ಏಳ್ಬೇಡ" ಎಂದು ಹೇಳಿ, ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಕೆಲಸದ ಹೊತ್ತಿನಲ್ಲಿ ಬೆನ್ನು ಹಾಸಿಗೆಗೆ ತಾಗಿದ್ದು ಅವಳಿಗೆ ನೆನಪಿರುವಂತೆ ಇದೇ ಮೊದಲು. ಮೈಯ ಒಂದೊಂದು ಎಲುಬೂ ಬೇರೆ ಬೇರೆಯಾಗಿ ಹಾಸಿಗೆಯಲ್ಲಿ ಇಳಿಯಿತು. ಇಷ್ಟು ವರ್ಷ ಯಾರಾದರೂ ಹೇಳಲಿ ಎಂದು ಕಾದಿದ್ದ ಮಾತನ್ನು ಕೊನೆಗೂ ಒಬ್ಬರು ಹೇಳಿದ್ದರು. ಯಾರ ಸಲುವಾಗಿ ಸುಸ್ತಾಗಿದ್ದಳೋ ಅವರೇ ಹೇಳಿದ್ದರು. ಅವಳಿಗೆ ಅಳು ಬಂತು. ಸದ್ದು ಹೊರಗೆ ಹೋಗದಂತೆ ಮುಖವನ್ನು ದಿಂಬಿಗೆ ಒತ್ತಿಕೊಂಡು ಅತ್ತಳು. ನಿದ್ದೆ ಕಣ್ಣಿನ ಹತ್ತಿರದವರೆಗೂ ಬಂತು. ಗೋಡೆಯಾಚೆ ಅತ್ತೆ ಒಂದೊಂದೇ ಮೊಟ್ಟೆಯನ್ನು ಸವರಿ ಬೋಗುಣಿಯ ನೀರಿಗೆ ಬಿಡುವ ಸದ್ದು ಕೇಳುತ್ತಿತ್ತು. ಆ ಒಂದೊಂದನ್ನೂ ಮಧ್ಯಾಹ್ನ ಯಾರೋ ಬಾಯಿಗೆ ಇಟ್ಟುಕೊಳ್ಳಲಿದ್ದರು.

ಅವಳು ಕಣ್ಣು ಒರೆಸಿಕೊಂಡು ಎದ್ದಳು. ಹೊದಿಕೆಯನ್ನು ಮಡಿಸಿ, ಕೂದಲನ್ನು ಗಂಟು ಹಾಕಿ, ಬಾಗಿಲು ತೆರೆದಳು.

"ಕೊಡಿ ಅತ್ತೆ, ಒಂದ್ಸಲ ತೊಳೆದು ತರ್ತೀನಿ."

"ಆಗ್ಲೇ ಎದ್ಬಂದ್ಯಾ?" ಅತ್ತೆ ತಲೆಯೆತ್ತಿ ನೋಡಿದರು. ಬೇಸರ, ಕನಿಕರ ಎರಡೂ ಸೇರಿದ ದನಿಯಲ್ಲಿ, "ಸುಖವಾಗಿ ಮಲಗು ಅಂದ್ರೂ ಮಲಗೋಕೆ ಬರಲ್ವಲ್ಲೇ ನಿನಗೆ" ಎಂದು ಎರಡೂ ಬೋಗುಣಿಗಳನ್ನು ಅವಳ ಕಡೆ ತಳ್ಳಿದರು.